ಬಿಸಿಲು ಬೀಳದ ಕಿಟಕಿಗೆ ಈ ಗಾಜು ಮಾರಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಪತ್ರಿಕೆಯ ಮಡಿಕೆಯೊಳಗೆ ಬಣ್ಣದ ಕರಪತ್ರವೊಂದು ಬಂದಿತ್ತು. ‘ನ್ಯಾನೊ ಲೇಪನದ ಗಾಜು. ಒಮ್ಮೆ ಕೂಡಿಸಿದರೆ ಜೀವನಪೂರ್ತಿ ಒರೆಸುವ ಗೋಜಿಲ್ಲ. ಮನೆಯ ಒಳಗೂ ಹೊರಗೂ’ ಎಂದು ಅದರಲ್ಲಿತ್ತು. ದಾವಣಗೆರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜು ಕತ್ತರಿಸಿ ಕೂಡಿಸುತ್ತಾ ಬಂದವನು ನಾನು. ಆ ‘ಒಳಗೂ’ ಎಂಬ ಒಂದು ಪದ ಓದಿ ಸುಮ್ಮನಿರಲಾಗಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕರೊಬ್ಬರು ಇಂಥದ್ದೇ ಗಾಜಿಗೆ ಮಾಮೂಲಿ ಗಾಜಿನ ಎರಡರಷ್ಟಕ್ಕೂ ಹೆಚ್ಚು ಬೆಲೆ ತೆತ್ತರು, ಅದೂ ಬಚ್ಚಲಮನೆಯ ಕಿಟಕಿಗೆ. ಆ ಕಿಟಕಿ ತೆರೆದುಕೊಳ್ಳುವುದು ಎರಡು ಮನೆಗಳ ನಡುವಿನ ಮೂರಡಿ ಸಂದಿಗೆ. ನಡು ಮಧ್ಯಾಹ್ನವೂ ಅಲ್ಲಿ ದೀಪ ಹಾಕಬೇಕು. ಮಾರಿದವರು ಬೇರೆ, ಕೂಡಿಸಿದವನು ನಾನು. ನಾಲ್ಕು ತಿಂಗಳಿಗೆ ಮೇಷ್ಟ್ರು ಅಂಗಡಿಗೆ ಬಂದರು. ‘ನೀರು ಹಾಳೆಯಂತೆ ಇಳಿದುಹೋಗುತ್ತದೆ ಎಂದಿದ್ದರು. ಇಲ್ಲಿ ಹನಿಹನಿಯಾಗಿ ನಿಂತು, ಒಣಗಿ, ಬಿಳಿ ಚುಕ್ಕೆ ಬೀಳುತ್ತಿದೆಯಲ್ಲಪ್ಪ’ ಎಂದರು. ಮಾರಿದವರಿಗೆ ಫೋನ್ ಮಾಡಿದರೆ ‘ಸೋಪು ಹಾಕಿ ತೊಳೆಯಿರಿ’ ಎಂಬ ಉತ್ತರ. ಆ ಹಿರಿಯರ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ.

ಮಿಕ್ಕಿದ್ದ ತುಂಡನ್ನು ಅಂಗೈ ಅಗಲಕ್ಕೆ ಎರಡು ಮಾಡಿದೆ. ಒಂದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಇನ್ನೊಂದನ್ನು ತೊಳೆದ ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟೆ. ಹತ್ತು ದಿನದ ಮೇಲೆ ಎರಡನ್ನೂ ಮೇಜಿನ ಮೇಲಿಟ್ಟು ಔಷಧಿಯ ಡ್ರಾಪರ್‌ನಿಂದ ಒಂದೊಂದು ಹನಿ ಬಿಟ್ಟೆ. ಬೀರುವಿನ ಗಾಜಿನ ಮೇಲೆ ಹನಿ ಗುಂಡಗೆ ಕುಳಿತಿತು. ಮೇಲಿನ ಟ್ಯೂಬ್‌ಲೈಟ್ ಅದರೊಳಗೆ ಬಾಗಿ ಕಾಣುತ್ತಿತ್ತು. ಮಾಳಿಗೆಯ ಗಾಜಿನ ಮೇಲೆ ಹನಿ ತಾಗಿದ್ದೇ ತಡ, ಅಂಚು ಸುತ್ತಲೂ ಹರಿದು ನೀರು ಮಾಯವಾಯಿತು. ಗಾಜನ್ನು ಓರೆ ಹಿಡಿದಾಗಷ್ಟೇ ಒದ್ದೆಯಾಗಿದೆ ಎಂದು ತಿಳಿಯಿತು. ಆಮೇಲೆ ಜಾಗ ಅದಲುಬದಲು ಮಾಡಿದೆ. ಮೂರು ವಾರದಲ್ಲಿ ಬೀರು ಸೇರಿದ ಗಾಜಿನ ಮೇಲೆ ಹನಿ ಮತ್ತೆ ಎದ್ದು ನಿಲ್ಲತೊಡಗಿತ್ತು. ಬಿಸಿಲು ಕಂಡ ಗಾಜು ನೀರನ್ನು ಹರಡುತ್ತಿತ್ತು. ಗಾಜು ಅದೇ, ನೀರು ಅದೇ.

ನನ್ನ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ‘ಅಪ್ಪಾಜಿ, ಈ ಲೇಪನ ಟೈಟಾನಿಯಂ ಡೈಆಕ್ಸೈಡ್. ಬಿಳಿ ಪೇಂಟಿಗೆ ಬಿಳುಪು ಕೊಡುವುದೂ ಇದೇ’ ಎಂದಳು. 1997ರಲ್ಲಿ ಜಪಾನಿನ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರಂತೆ: ಈ ಲೇಪನದ ಮೇಲೆ ಹನಿಯ ಅಂಚು 72 ಡಿಗ್ರಿ ಕೋನದಲ್ಲಿ ನಿಂತಿತ್ತು, ನೇರಳಾತೀತ ಕಿರಣ ಬಿದ್ದ ಮೇಲೆ ಕೋನ ಸೊನ್ನೆಗೆ ಇಳಿಯಿತು. ಕಿರಣ ಬಿದ್ದಾಗ ಮೇಲ್ಮೈಯಿಂದ ಒಂದಿಷ್ಟು ಆಮ್ಲಜನಕ ಕಳಚಿಕೊಳ್ಳುತ್ತದೆ, ಆ ತೆರವಿಗೆ ನೀರಿನ ಅಣು ಒಡೆದು ಬಂದು ಕೂರುತ್ತದೆ, ಹಾಗೆ ಮೇಲ್ಮೈ ನೀರಿಗೆ ಒಲಿಯುತ್ತದೆ. ಕತ್ತಲಲ್ಲಿ ಗಾಳಿಯ ಆಮ್ಲಜನಕ ಆ ಜಾಗವನ್ನು ಮರಳಿ ಹಿಡಿಯುತ್ತದೆ ಎಂಬುದು ಅವರ ವಿವರಣೆ. ಅಲ್ಲ, ಕಿರಣವು ಮೇಲ್ಮೈಗೆ ಹತ್ತಿದ ಜಿಡ್ಡನ್ನು ಸುಟ್ಟುಹಾಕುವುದೇ ಮುಖ್ಯ ಕಾರಣ ಎನ್ನುವವರೂ ಇದ್ದಾರೆ.

ಯಾರ ವಿವರಣೆ ಸರಿಯಾದರೂ ನನ್ನ ಕಸುಬಿಗೆ ಬೇಕಾದ ಮಾತು ಒಂದೇ. ಇದಕ್ಕೆ ಬೇಕಿರುವುದು ಸುಮಾರು 388 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ಕಣ್ಣಿಗೆ ಕಾಣದ ಆ ನೇರಳಾತೀತ ಕಿರಣ. ಅದು ಬಿಸಿಲಿನಲ್ಲಿದೆ, ಮನೆಯ ಎಲ್‌ಇಡಿ ದೀಪದಲ್ಲಿ ಇಲ್ಲವೆಂದೇ ಹೇಳಬೇಕು. ಗಾಜು ತಾನೇ ಆ ಕಿರಣದ ಒಂದು ಪಾಲನ್ನು ತಡೆಯುವುದರಿಂದ ಲೇಪನದ ಮುಖ ಹೊರಕ್ಕೇ ಇರಬೇಕು. ಬಚ್ಚಲಮನೆಯ ಕನ್ನಡಿಗೆ, ಮೆಟ್ಟಿಲ ಕೆಳಗಿನ ಪಾರ್ಟಿಷನ್‌ಗೆ ಇದನ್ನು ಮಾರುವುದು ಬಾವಿಯಿಲ್ಲದ ಹಿತ್ತಲಿಗೆ ರಾಟೆ ಮಾರಿದಂತೆ.

ನನ್ನ ಕಡೆಯಿಂದಲೂ ತಪ್ಪಾಗಿತ್ತು. ಎಲ್ಲ ಕಿಟಕಿಗೂ ಬಳಿಯುವಂತೆ ಆ ಗಾಜಿನ ಅಂಚಿಗೂ ಸಂದು ಮುಚ್ಚುವ ಸಿಲಿಕೋನ್ ಅಂಟು ಬಳಿದಿದ್ದೆ. ಅದರೊಳಗಿನ ಎಣ್ಣೆಯಂಶ ನಿಧಾನವಾಗಿ ಗಾಜಿನ ಮೇಲೆ ಹಬ್ಬಿ ನೀರನ್ನು ದೂರ ತಳ್ಳುತ್ತದೆ. ಇಂಥ ಗಾಜಿಗೆ ಸಿಲಿಕೋನ್ ಬೇಡ, ರಬ್ಬರ್ ಬೀಡಿಂಗ್ (ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿ) ಹಾಕಬೇಕು. ಈ ಮಾತನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂಡಿಸುವ ನನ್ನ ಸಹೋದ್ಯೋಗಿಗಳು ದಯವಿಟ್ಟು ಇದನ್ನು ಗಮನಿಸಬೇಕು.

‘ಒರೆಸುವ ಗೋಜಿಲ್ಲ’ ಎಂಬುದೂ ನಮ್ಮ ಊರಿಗೆ ಒಪ್ಪುವ ಮಾತಲ್ಲ. ಎಣ್ಣೆ ಜಿಡ್ಡನ್ನು ಈ ಲೇಪನ ಬಿಸಿಲಿನಲ್ಲಿ ಮೆಲ್ಲಗೆ ಕರಗಿಸಬಹುದು. ರಸ್ತೆಯ ಮಣ್ಣಿನ ಧೂಳನ್ನು ಕರಗಿಸುವುದಿಲ್ಲ. ಅದನ್ನು ಮಳೆಯೇ ತೊಳೆಯಬೇಕು, ನಮ್ಮಲ್ಲಿ ಡಿಸೆಂಬರಿನಿಂದ ಯುಗಾದಿಯವರೆಗೆ ಮಳೆಯೆಂಬುದೇ ಅಪರೂಪ. ಬೋರ್‌ವೆಲ್‌ನ ಗಡಸು ನೀರು ಎರಚಿದರೆ ಸುಣ್ಣದ ಕಲೆ ಉಳಿಯುತ್ತದೆ. ಮಂಡಕ್ಕಿ ಭಟ್ಟಿಗಳ ಮಗ್ಗುಲಿನ ಮನೆಗಳಲ್ಲಿ ಮಸಿ ಎಷ್ಟು ದಪ್ಪ ಕೂರುತ್ತದೆ ಎಂದರೆ ಬೆಳಕು ಲೇಪನವನ್ನು ಮುಟ್ಟುವುದೇ ಕಷ್ಟ.

ಮಾರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಕಿಟಕಿ ಯಾವ ದಿಕ್ಕಿಗಿದೆ, ದಿನಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಮೊದಲು ಕೇಳಿ. ಲೇಪನದ ಮುಖ ಯಾವುದು, ಅಂಚಿಗೆ ಏನು ಹಾಕಬಾರದು ಎಂಬುದನ್ನು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರೆದುಕೊಡಿ. ಮೇಷ್ಟ್ರ ಆ ಗಾಜನ್ನು ನನ್ನ ಖರ್ಚಿನಲ್ಲೇ ಬಿಚ್ಚಿ, ಸಿಲಿಕೋನ್ ಕೆರೆದು ತೆಗೆದು, ಅವರ ಮನೆಯ ಪೂರ್ವದ ಕಿಟಕಿಗೆ ಅಳತೆ ಮಾಡಿ ರಬ್ಬರ್ ಬೀಡಿಂಗ್ ಹಾಕಿ ಕೂಡಿಸಿಕೊಟ್ಟಿದ್ದೇನೆ. ಬಚ್ಚಲಿಗೆ ಈಗ ಮಾಮೂಲಿ ಗಾಜು ಇದೆ.

– ಗಾಜಿನ ಅಂಗಡಿಯವ, ದಾವಣಗೆರೆ