ಹೊಸ ಊರುಗಳಿಗೆ ಫೈಬರ್ ಲೈನ್ ಸದ್ಯಕ್ಕೆ ಇಲ್ಲ: ಸದಸ್ಯರಿಗೆ, ಗ್ರಾಹಕರಿಗೆ ಪತ್ರ

ಆತ್ಮೀಯ ಸದಸ್ಯರೇ, ಗ್ರಾಹಕರೇ,

ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಕಿನಿಂದ ಬಿಎಸ್‌ಎನ್‌ಎಲ್‌ನ ಫೈಬರ್ ಇಂಟರ್ನೆಟ್ ಮನೆಮನೆಗೆ ಮುಟ್ಟಿಸುವ ನಮ್ಮ ಸಹಕಾರಿ ಹೊಸ ಊರುಗಳಿಗೆ ಫೈಬರ್ ಲೈನ್ ಎಳೆಯುವುದನ್ನು ನಿಲ್ಲಿಸುತ್ತಿದೆ. ಮುಂದಿನ ಮಳೆಗಾಲ ಮುಗಿಯುವವರೆಗೆ ಹೀಗೇ ಇರುತ್ತದೆ. ಈಗಾಗಲೇ ಲೈನ್ ಇರುವ ಊರಿನಲ್ಲಿ ಹೊಸ ಮನೆಗೆ ಕನೆಕ್ಷನ್ ಬೇಕಾದರೆ ಕೊಡುತ್ತೇವೆ, ಅದಕ್ಕೇನೂ ತೊಂದರೆ ಇಲ್ಲ. ತಿಂಗಳ ಪ್ಲ್ಯಾನಿನ ದರ ನಿಗದಿ ಮಾಡುವುದು ಬಿಎಸ್‌ಎನ್‌ಎಲ್. ಅದರ ಮೇಲೆ ನಾವು ಒಂದು ರೂಪಾಯಿಯೂ ಜಾಸ್ತಿ ಕೇಳುವುದಿಲ್ಲ. ಈ ವರ್ಷದ ಲಾಭಾಂಶ ಮಾತ್ರ ಹಂಚುವುದಿಲ್ಲ. ಆ ಹಣ ಎರಡನೇ ಫೈಬರ್ ದಾರಿಗೆ, ಬ್ಯಾಟರಿಗಳಿಗೆ, ಇನ್ನಿಬ್ಬರು ಲೈನ್‌ಮನ್‌ಗಳ ಸಂಬಳಕ್ಕೆ ಹೋಗುತ್ತದೆ. ಮಹಾಸಭೆ ಇದಕ್ಕೆ ಒಪ್ಪಿದೆ.

ಸುದ್ದಿ ಹರಡಿದ ಮೇಲೆ ಕಚೇರಿಗೆ ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಕೇಳಿದರು. 'ಬಿಎಸ್‌ಎನ್‌ಎಲ್ ದೇಶದ ತುಂಬಾ ಟವರ್ ಹಾಕ್ತಾ ಇದೆ. ಅದರ ಫೈಬರ್ ಮನೆಮನೆಗೆ ಮುಟ್ಟಿಸೋ ನೀವು ಯಾಕೆ ನಿಲ್ಲಿಸ್ತೀರಿ?' ಕೇಳಬೇಕಾದ ಪ್ರಶ್ನೆಯೇ ಇದು. ನಾವು ಈ ತೀರ್ಮಾನಕ್ಕೆ ಬಂದಿದ್ದು ಬಿಎಸ್‌ಎನ್‌ಎಲ್ ಬೆಳೆದ ದಾರಿಯನ್ನು ನೋಡಿಯೇ. ಪತ್ರ ಉದ್ದವಾದರೂ ಪರವಾಗಿಲ್ಲ, ಅದನ್ನು ಬಿಡಿಸಿ ಹೇಳುತ್ತೇವೆ.

ಹಿರಿಯರಿಗೆ ಟ್ರಂಕ್ ಕಾಲ್ ನೆನಪಿರುತ್ತದೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬೇರೆ ಬೇರೆ ದರ. ಬುಕ್ ಮಾಡಿ ಕಾಯುತ್ತಾ ಕೂರಬೇಕು. ಅಂಚೆ, ತಂತಿ, ಫೋನು ಎಲ್ಲಾ ಒಂದೇ ಇಲಾಖೆಯಲ್ಲಿದ್ದ ಕಾಲ ಅದು. 1985ರಲ್ಲಿ ಅಂಚೆ ಬೇರೆಯಾಯಿತು, ದೂರಸಂಪರ್ಕ ಬೇರೆಯಾಯಿತು. ಮರುವರ್ಷ ದೆಹಲಿ, ಮುಂಬೈ ಎಂಟಿಎನ್‌ಎಲ್ ಎಂಬ ಹೊಸ ಸರ್ಕಾರಿ ಕಂಪನಿಯ ಪಾಲಾದವು. ಉಳಿದ ದೇಶ, ಅಂದರೆ ಹಳ್ಳಿ, ಗುಡ್ಡ, ಕಾಡು, ಎಲ್ಲವೂ ಇಲಾಖೆಯ ಕೈಯಲ್ಲೇ ಉಳಿಯಿತು.

ಇಲ್ಲಿ ನಮ್ಮ ರಾಜ್ಯದ ಒಂದು ಮಾತು ಹೇಳಲೇಬೇಕು. ಫೋನ್ ಕರೆಗಳನ್ನು ಜೋಡಿಸುವ ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು. ಹಳ್ಳಿಯಲ್ಲಿ ಎಸಿ ಎಲ್ಲಿಂದ ತರುವುದು? 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, ನಮ್ಮ ಧೂಳು, ನಮ್ಮ ಸೆಕೆ ತಡೆದುಕೊಳ್ಳುವ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ಮಾಡಿತು. ಅದರಲ್ಲಿ ಮೊಟ್ಟಮೊದಲನೆಯದು 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಮುಂದೆ ಇಂಥವೇ ಸಾವಿರಾರು ಊರುಗಳಿಗೆ ಹೋದವು, ಅವುಗಳ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ನಮ್ಮ ಪ್ರಕಾರ ಸರ್ಕಾರಿ ದೂರಸಂಪರ್ಕದ ಅತಿ ಒಳ್ಳೆಯ ವಿಸ್ತರಣೆ ಅದೇ. ಅಲ್ಲಿಯೇ ರಿಪೇರಿ ಮಾಡಲು ಬರುವಂಥ ಸಾಮಾನು, ರಿಪೇರಿ ಬಲ್ಲ ಜನ, ಊರಿಗೆ ತಕ್ಕ ಗಾತ್ರ. ಮೂರೂ ಇದ್ದವು.

2000ದ ಅಕ್ಟೋಬರ್ 1ಕ್ಕೆ ಇಲಾಖೆಯ ಈ ಕೆಲಸವೆಲ್ಲ ಬಿಎಸ್‌ಎನ್‌ಎಲ್ ಎಂಬ ಕಂಪನಿಗೆ ಬಂತು. ಜೊತೆಗೆ ಮೂರು ಲಕ್ಷಕ್ಕೂ ಮಿಕ್ಕಿದ ನೌಕರರು ಬಂದರು. ಖಾಸಗಿಯವರು 1995ರಲ್ಲೇ ಮೊಬೈಲ್ ಶುರು ಮಾಡಿದ್ದರು. ಬಿಎಸ್‌ಎನ್‌ಎಲ್ ಮೊಬೈಲ್‌ಗೆ ಇಳಿದಿದ್ದು 2002ರ ಅಕ್ಟೋಬರ್‌ನಲ್ಲಿ. ತಡವಾಗಿ ಬಂದರೂ ಜನ ಕೈಬಿಡಲಿಲ್ಲ. ಸೆಲ್‌ಒನ್ ಸಿಮ್‌ಗೆ ಎಕ್ಸ್‌ಚೇಂಜ್ ಮುಂದೆ ಕ್ಯೂ ನಿಂತವರು ನಿಮ್ಮಲ್ಲೂ ಇದ್ದೀರಿ, ಅಲ್ವಾ? 2004–05ರಲ್ಲಿ ಕಂಪನಿಯ ಲಾಭ 10,000 ಕೋಟಿ ರೂಪಾಯಿ ದಾಟಿತ್ತು. 2009–10ಕ್ಕೆ ಅದೇ ಕಂಪನಿ 1,800 ಕೋಟಿಗೂ ಹೆಚ್ಚು ನಷ್ಟ ತೋರಿಸಿತು.

ಐದು ವರ್ಷದಲ್ಲಿ ಏನಾಯಿತು? 'ಸರ್ಕಾರಿ ನೌಕರರು ಕೆಲಸ ಮಾಡಲಿಲ್ಲ' ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಗಾಳಿಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳನ್ನು ಮಲೆನಾಡಿನವರಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಮುಖ್ಯ ಕಾರಣ ಬೇರೆ ಇತ್ತು. ಎಷ್ಟು ಬೆಳೆಯಬೇಕು, ಯಾವಾಗ ಬೆಳೆಯಬೇಕು, ಯಾವ ಸಾಮಾನು ಕೊಳ್ಳಬೇಕು ಎನ್ನುವ ತೀರ್ಮಾನ ಬಹಳ ಸಲ ಕಂಪನಿಯ ಹೊರಗೆ ಆಗುತ್ತಿತ್ತು. ಬಿಲ್ ಮಾತ್ರ ಕಂಪನಿಗೆ ಬರುತ್ತಿತ್ತು.

2006ರಲ್ಲಿ 4.55 ಕೋಟಿ ಲೈನುಗಳ ಮೊಬೈಲ್ ಉಪಕರಣಕ್ಕೆ ಟೆಂಡರ್ ಕರೆದರು. ಅದು ಕೋರ್ಟು ಹತ್ತಿತು, ದರದ ವಿವಾದಕ್ಕೆ ಸಿಕ್ಕಿತು, ಕೊನೆಗೆ ಅರ್ಧಕ್ಕೆ ಇಳಿಯಿತು. ಆಮೇಲೆ 9.3 ಕೋಟಿ ಲೈನುಗಳ ಇನ್ನೂ ದೊಡ್ಡ ಟೆಂಡರ್. ಅದು 2010ರಲ್ಲಿ ರದ್ದೇ ಆಯಿತು. ಆ ಹೊತ್ತಿನಲ್ಲಿ ದೇಶದಲ್ಲಿ ಪ್ರತಿ ತಿಂಗಳು ಕೋಟಿಗೂ ಮಿಕ್ಕಿ ಹೊಸ ಮೊಬೈಲ್ ಗ್ರಾಹಕರು ಸೇರುತ್ತಿದ್ದರು. ಬೇಡಿಕೆ ಕಣ್ಣೆದುರು ಇದೆ, ಕೊಡಲು ಸಾಮಾನಿಲ್ಲ.

ಅದೇ 2010ರಲ್ಲಿ 3ಜಿ ಮತ್ತು ಬ್ರಾಡ್‌ಬ್ಯಾಂಡ್ ತರಂಗಾಂತರಕ್ಕೆ, ಅಂದರೆ ಸಿಗ್ನಲ್ ಕಳಿಸಲು ಬೇಕಾದ ರೇಡಿಯೋ ಅಲೆಗಳಿಗೆ, ಹರಾಜು ನಡೆಯಿತು. ಖಾಸಗಿ ಕಂಪನಿಗಳು ತಮಗೆ ಗಿಟ್ಟುವ ರಾಜ್ಯಗಳನ್ನು ಆರಿಸಿಕೊಂಡವು. ಬಿಎಸ್‌ಎನ್‌ಎಲ್‌ಗೆ ಆ ಆಯ್ಕೆ ಇರಲಿಲ್ಲ. ದೆಹಲಿ, ಮುಂಬೈ ಬಿಟ್ಟು ಇಡೀ ದೇಶಕ್ಕೆ ತರಂಗಾಂತರ ಕೊಟ್ಟರು, ಹರಾಜಿನಲ್ಲಿ ನಿಂತ ಬೆಲೆಯನ್ನೇ ಕಟ್ಟಬೇಕಾಯಿತು. ಸುಮಾರು 18,500 ಕೋಟಿ. ಲಾಭದ ಕಾಲದಲ್ಲಿ ಕೂಡಿಟ್ಟ ಗಂಟು ಕರಗಿತು. ಅದರಲ್ಲಿ ಬ್ರಾಡ್‌ಬ್ಯಾಂಡಿನ ತರಂಗಾಂತರ ಹೆಚ್ಚು ಪ್ರಯೋಜನಕ್ಕೆ ಬರದೆ, ಹಲವು ಕಡೆಯದನ್ನು ಮುಂದೆ ವಾಪಸ್ ಕೊಡಬೇಕಾಯಿತು.

ಹಳ್ಳಿಯ ಫೋನಿಗೆ ತಗಲುವ ನಷ್ಟ ತುಂಬಲು ಬೇರೆ ಕಂಪನಿಗಳು ಒಂದು ಶುಲ್ಕ ಕೊಡುತ್ತಿದ್ದವು. 2008ರಲ್ಲಿ ಅದೂ ನಿಂತಿತು. ಹಳ್ಳಿಯ ಕೆಲಸ ಮಾತ್ರ ನಿಲ್ಲುವಂತಿರಲಿಲ್ಲ. 2018–19ರ ಹೊತ್ತಿಗೆ ಆದಾಯದ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಸರ್ಕಾರ ಮೊದಲ ಪುನಶ್ಚೇತನ ಪ್ಯಾಕೇಜ್ ಕೊಟ್ಟಿತು. ಸ್ವಯಂ ನಿವೃತ್ತಿ ಯೋಜನೆಯಲ್ಲಿ 2020ರ ಜನವರಿ 31ರಂದು 78,000ಕ್ಕೂ ಹೆಚ್ಚು ಜನ ಒಂದೇ ದಿನ ಮನೆಗೆ ಹೋದರು. ಹೆಚ್ಚುಕಮ್ಮಿ ಅರ್ಧ ಕಂಪನಿ. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯ, ನಿಜ. ಆದರೆ ಯಾವ ತಿರುವಿನಲ್ಲಿ ಯಾವ ಕೇಬಲ್ ಎಷ್ಟು ಆಳದಲ್ಲಿದೆ ಎಂದು ನಕ್ಷೆ ನೋಡದೆ ಹೇಳಬಲ್ಲವರೂ ಅದೇ ದಿನ ಹೋದರು. ಆ ತಿಳಿವಳಿಕೆಗೆ ಯಾವ ಪ್ಯಾಕೇಜೂ ಇಲ್ಲ.

ಇನ್ನು 4ಜಿ. ಖಾಸಗಿಯವರ 4ಜಿ 2012ರಲ್ಲೇ ಶುರುವಾಗಿತ್ತು. ಬಿಎಸ್‌ಎನ್‌ಎಲ್ ಟೆಂಡರ್ ಒಂದು 2020ರಲ್ಲಿ ರದ್ದಾಯಿತು, ಚೀನಾದ ಉಪಕರಣ ಬೇಡ ಎಂಬ ಕಾರಣಕ್ಕೆ. ಆಮೇಲೆ ದೇಶದಲ್ಲೇ ಮಾಡಿದ ವ್ಯವಸ್ಥೆ: ಅದೇ ಸಿ-ಡಾಟ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಎಲ್ಲವನ್ನೂ ಜೋಡಿಸಲು ಟಿಸಿಎಸ್. 2022ರಲ್ಲಿ 1.64 ಲಕ್ಷ ಕೋಟಿಯ ಪ್ಯಾಕೇಜ್, 2023ರಲ್ಲಿ 89,047 ಕೋಟಿಯ ಇನ್ನೊಂದು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ 97,500 ಟವರ್‌ಗಳ ಜಾಲವನ್ನು ಪ್ರಧಾನಿ ಉದ್ಘಾಟಿಸಿದರು.

ನಮಗೆ ಇದು ಹೆಮ್ಮೆಯ ವಿಷಯ. ಕಿತ್ತೂರಿನಲ್ಲಿ ಶುರುವಾದ ದಾರಿಗೆ ಮತ್ತೆ ಬಂದಂತೆ ಆಯಿತು. ಲಾಭ ಕಾಣದ ಕಡೆಗೂ ಹೋಗುವ ಕಂಪನಿ ಒಂದು ಇರಲೇಬೇಕು. 2020ರಲ್ಲಿ ಚೆನ್ನೈನಿಂದ ಅಂಡಮಾನಿಗೆ ಸಮುದ್ರದಡಿ 2,300 ಕಿ.ಮೀ. ಕೇಬಲ್ ಹಾಕಿಸಿದ್ದು ಬಿಎಸ್‌ಎನ್‌ಎಲ್. 2024ರಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಅಲ್ಲಿನ ಬಿಎಸ್‌ಎನ್‌ಎಲ್ ಟವರನ್ನು ಕರೆಂಟ್ ಇಲ್ಲದೆಯೂ ಜನರೇಟರ್ ಮೇಲೆ ನಡೆಸಿದ್ದರು. ಇಂಥ ಕೆಲಸವನ್ನು ಲಾಭದ ಲೆಕ್ಕದಲ್ಲಿ ತೂಗಬಾರದು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಆದರೂ ಒಂದು ಭಯ ಇದ್ದೇ ಇದೆ. ಟವರ್ ಹಾಕುವ ಹಣ ಪ್ಯಾಕೇಜಿನಲ್ಲಿ ಬರುತ್ತದೆ. ಟವರ್ ನಡೆಸುವ ಹಣ ಗ್ರಾಹಕರಿಂದ ಬರಬೇಕು. ಕರೆಂಟ್ ಬಿಲ್, ಡೀಸೆಲ್, ಬ್ಯಾಟರಿ, ಟವರಿಗೆ ಫೈಬರ್, ಅದನ್ನು ಕಾಯುವ ಜನ, ಇವೆಲ್ಲ ತಿಂಗಳು ತಿಂಗಳು ಕೇಳುವ ಖರ್ಚು. ಮೊಬೈಲ್ ಗ್ರಾಹಕರಲ್ಲಿ ಬಿಎಸ್‌ಎನ್‌ಎಲ್ ಪಾಲು ಈಗ ನೂರಕ್ಕೆ ಹತ್ತೂ ಇಲ್ಲ. 2024ರ ಜುಲೈನಲ್ಲಿ ಖಾಸಗಿಯವರು ದರ ಏರಿಸಿದಾಗ ಲಕ್ಷಾಂತರ ಜನ ಇತ್ತ ಬಂದರು. ಸಿಗ್ನಲ್ ಸಾಲದೆ ಎಷ್ಟೋ ಜನ ಕೆಲವೇ ತಿಂಗಳಲ್ಲಿ ವಾಪಸ್ ಹೋದರು. 2024ರ ಅಕ್ಟೋಬರ್–ಡಿಸೆಂಬರ್‌ನಲ್ಲಿ 17 ವರ್ಷಗಳ ನಂತರ ಮೊದಲ ಬಾರಿಗೆ ತ್ರೈಮಾಸಿಕ ಲಾಭ ಬಂತು, 262 ಕೋಟಿ. ಒಳ್ಳೆಯ ಸುದ್ದಿಯೇ. ಇಡೀ 2024–25ಕ್ಕೆ ನೋಡಿದರೆ ಇನ್ನೂ 2,247 ಕೋಟಿ ನಷ್ಟ. ಎಂಟಿಎನ್‌ಎಲ್ ಕೈಯಲ್ಲಿ ದೇಶದ ಎರಡು ಶ್ರೀಮಂತ ನಗರಗಳಿದ್ದವು. ಅದೇ ಇಂದು ಬ್ಯಾಂಕ್ ಸಾಲ ಕಟ್ಟಲಾಗದೆ ಸುಸ್ತಿದಾರ ಆಗಿದೆ. ಒಳ್ಳೆಯ ಊರು ಸಿಕ್ಕ ಮಾತ್ರಕ್ಕೆ ಜಾಲ ಉಳಿಯುವುದಿಲ್ಲ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಫೈಬರ್ ಅಂದರೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದೆ. ಒಂದು ಎಳೆಯನ್ನು ಎಂಟು ಮನೆಗೆ ಒಡೆದರೆ ಪ್ರತಿ ಮನೆಗೆ ಸಿಗುವುದು ಎಂಟನೇ ಒಂದು ಪಾಲು ಬೆಳಕು. ಲೈನ್‌ಮನ್ ನಿಮ್ಮ ಮನೆಗೆ ಬಂದಾಗ ಮೋಡೆಮ್‌ನಿಂದ ವೈರ್ ಕಳಚಿ ಬೆಳಕು ಅಳೆಯುವ ಒಂದು ಪುಟ್ಟ ಮೀಟರಿಗೆ ಸಿಕ್ಕಿಸುತ್ತಾರಲ್ಲ, ಅದರಲ್ಲಿ ಮೈನಸ್ 20ರ ಆಸುಪಾಸು ಬಂದರೆ ಲೈನ್ ಚೆನ್ನಾಗಿದೆ. ಮೈನಸ್ 27 ದಾಟಿದರೆ ನೆಟ್ ತೊದಲುತ್ತದೆ. ಬೆಳಕು ಇನ್ನೂ ಕಮ್ಮಿಯಾದರೆ ಮೋಡೆಮ್ ಮೇಲೆ ಕೆಂಪು ದೀಪ ಮಿಣುಕಲು ಶುರುವಾಗುತ್ತದೆ. 'ಲಾಸ್ ಲೈಟ್ ಬಂದಿದೆ' ಅಂತ ನೀವು ಫೋನ್ ಮಾಡುವುದು ಆಗಲೇ.

ಅಡಿಕೆ ಮರ ಬಿದ್ದು ಲೈನ್ ತುಂಡಾಯಿತು ಅಂದುಕೊಳ್ಳಿ. ಲೈನ್‌ಮನ್ ಎರಡೂ ತುದಿಯ ಸಿಪ್ಪೆ ತೆಗೆಯಬೇಕು, ಸ್ಪಿರಿಟ್‌ನಲ್ಲಿ ಒರೆಸಬೇಕು, ತುದಿಯನ್ನು ನೇರವಾಗಿ ಕತ್ತರಿಸಬೇಕು. ಸ್ಪ್ಲೈಸಿಂಗ್ ಮಷಿನ್ ವಿದ್ಯುತ್ ಕಿಡಿ ಹಾರಿಸಿ ಎರಡನ್ನೂ ಕರಗಿಸಿ ಬೆಸೆಯುತ್ತದೆ. ಆಷಾಢದ ಮಳೆಯಲ್ಲಿ, ಒಬ್ಬರು ಟಾರ್ಪಾಲು ಹಿಡಿದು ನಿಂತಿರುವಾಗ ಈ ಕೆಲಸ ಆಗಬೇಕು. ಒಂದು ಹನಿ ಬಿದ್ದರೂ ಮತ್ತೆ ಮೊದಲಿನಿಂದ. ಪ್ರತಿ ಬೆಸುಗೆಯಲ್ಲೂ ಚೂರು ಬೆಳಕು ಸೋರುತ್ತದೆ. ಹಳೆಯ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದ್ದರೆ, ನೀರು ಇಳಿದಿದ್ದರೆ ಇನ್ನೂ ಜಾಸ್ತಿ.

ಈಗ ಇರುವ ಎಳೆಯಿಂದಲೇ ಮುಂದಿನ ಊರಿಗೆ ಲೈನ್ ಒಡೆದರೆ ಹಿಂದಿನ ಊರಿನವರ ಬೆಳಕು ಕಮ್ಮಿಯಾಗುತ್ತದೆ. ಅದೇ ಲೈನ್‌ಮನ್ ಇನ್ನೂ ದೂರ ಓಡಬೇಕಾಗುತ್ತದೆ. ಹೊಸ ಊರು ಸೇರಿದಾಗ ಬರುವ ಠೇವಣಿ ಹಣ ಒಂದು ಸಲ ಬರುತ್ತದೆ, ರಿಪೇರಿ ಪ್ರತಿ ವರ್ಷ ಬರುತ್ತದೆ. ನಮ್ಮ ಹಿಂದೆ ಲಕ್ಷ ಕೋಟಿಯ ಪ್ಯಾಕೇಜ್ ಇಲ್ಲ. ಇರುವುದು ನಿಮ್ಮ ಷೇರು ಹಣ. ಅದಕ್ಕೇ ಮೊದಲು ಇರುವುದನ್ನು ಗಟ್ಟಿ ಮಾಡುತ್ತೇವೆ.

ಮೊದಲ ಕೆಲಸ ಎರಡನೇ ದಾರಿ. ಈಗ ಪೇಟೆಯಿಂದ ನಮ್ಮ ಊರುಗಳಿಗೆ ಬರುವುದು ಒಂದೇ ಫೈಬರ್, ಅದೂ ರಸ್ತೆ ಬದಿಯಲ್ಲಿ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಅಗೆದರೆ ಎಲ್ಲಾ ಊರೂ ಕತ್ತಲೆ. ಇನ್ನೊಂದು ಫೈಬರ್ ಗುಡ್ಡದ ಆಚೆ ಬದಿಯಿಂದ ಬಂದು ಇದಕ್ಕೆ ಸೇರುತ್ತದೆ. ಒಂದು ತುಂಡಾದರೆ ಇನ್ನೊಂದರಲ್ಲಿ ನೆಟ್ ಹರಿಯುತ್ತದೆ. ತೋಟದ ಮೂಲಕ ದಾರಿ ಬಿಟ್ಟುಕೊಡಲು ಒಪ್ಪಿದ ರೈತರಿಗೆ ಮನಸಾರೆ ಧನ್ಯವಾದ. ನೀವಿಲ್ಲದೆ ಇದು ಆಗುತ್ತಿರಲಿಲ್ಲ.

ಆಮೇಲೆ ಬ್ಯಾಟರಿ. ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ದೀಪ ಹೋದರೂ ಫೋನ್ ಬಡಿಯುತ್ತಿತ್ತು. ಫೈಬರಿನಲ್ಲಿ ಹಾಗಿಲ್ಲ. ಲೈನ್ ನಡೆಸುವ ನಮ್ಮ ಪೆಟ್ಟಿಗೆಗಳ ಬ್ಯಾಟರಿ ನಾವು ಬದಲಿಸುತ್ತೇವೆ. ಮನೆಯ ಮೋಡೆಮ್‌ಗೆ ಒಂದು ಪುಟ್ಟ ಯುಪಿಎಸ್ ನೀವು ಇಟ್ಟುಕೊಳ್ಳಿ. ವಯಸ್ಸಾದವರು ಮಾತ್ರ ಇರುವ ಮನೆಗಳಿಗೆ ಅದನ್ನು ಸಹಕಾರಿಯೇ ಉಚಿತವಾಗಿ ಕೊಡುತ್ತದೆ. ಹೆಸರು ಬರೆಸಿ.

ಕಾಯುವ ಪಟ್ಟಿಯಲ್ಲಿರುವ ಊರಿನವರಿಗೆ ಬೇಸರ ಆಗಿರುತ್ತದೆ. ಮಕ್ಕಳ ಓದು, ವರ್ಕ್ ಫ್ರಮ್ ಹೋಮ್ ಅಂತ ಆಸೆಯಿಂದ ಠೇವಣಿ ಕಟ್ಟಿದ್ದೀರಿ. ಹಣ ವಾಪಸ್ ಬೇಕಾದವರಿಗೆ ಪೂರ್ತಿ ಕೊಡುತ್ತೇವೆ, ಏನೂ ಕಡಿತ ಇಲ್ಲ. ಹಾಗೇ ಇಡುವವರಿಗೆ ತಮ್ಮ ಊರಿನೊಳಗಿನ ಸರದಿ ಬದಲಾಗುವುದಿಲ್ಲ. ಲೈನ್ ಮತ್ತೆ ಶುರುವಾದಾಗ ಇಂದಿನ ದರವೇ ನಿಮಗೆ ಅನ್ವಯ. ಎರಡನೇ ದಾರಿ ಹಾದುಹೋಗುವ ಊರುಗಳು ಸಹಜವಾಗಿ ಮೊದಲು ಬರುತ್ತವೆ. ಆ ಪಟ್ಟಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿದೆ.

ಠೇವಣಿ ವಾಪಸ್ ಪಡೆಯಲು ಬರುವವರು ಮೂಲ ರಸೀದಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತನ್ನಿ. ರಸೀದಿ ಕಳೆದುಹೋಗಿದ್ದರೆ ಒಂದು ಅರ್ಜಿ ಬರೆದುಕೊಟ್ಟರೆ ಸಾಕು, ನಮ್ಮ ಪುಸ್ತಕದಲ್ಲಿ ನೋಡಿ ಕೊಡುತ್ತೇವೆ. ಕಚೇರಿ ಸಂತೆ ದಿನವೂ ತೆರೆದಿರುತ್ತದೆ.

ಇಂತಿ ನಿಮ್ಮ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿ