ಚಾರ್ಲ್ಸ್ ವರ್ಡ್ಸ್‌ವರ್ತ್ ಬಗ್ಗೆ ಬರೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಚಾರ್ಲ್ಸ್ ವರ್ಡ್ಸ್‌ವರ್ತ್ ಆಕ್ಸ್‌ಫರ್ಡ್ ಪರ ಆಡಿದವರು, ಮುಂದೆ ಬಿಷಪ್ (ಚರ್ಚಿನ ಧರ್ಮಾಧ್ಯಕ್ಷ) ಆದವರು. ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ನಡುವಿನ ಮೊದಲ ಕ್ರಿಕೆಟ್ ಪಂದ್ಯಕ್ಕೆ ಓಡಾಡಿ ತಂಡ ಕಟ್ಟಿದವರು ಇವರೇ. 1827ರ ಜೂನ್, ಲಾರ್ಡ್ಸ್ ಮೈದಾನ. ಆಕ್ಸ್‌ಫರ್ಡ್ 258, ಕೇಂಬ್ರಿಡ್ಜ್ 92. ಮಳೆ ಬಂದು ಪಂದ್ಯ ಡ್ರಾ ಆಯಿತು. ‘ಆಕ್ಸ್‌ಫರ್ಡ್ ಗೆದ್ದಿತು’ ಎಂದು ದಯವಿಟ್ಟು ಬರೆಯಬೇಡಿ. ಕೇಂಬ್ರಿಡ್ಜ್‌ನ 92ರಲ್ಲಿ 47 ರನ್ ಹರ್ಬರ್ಟ್ ಜೆನ್ನರ್ ಒಬ್ಬರದೇ, ಅವರ ಹೆಸರನ್ನೂ ಬಿಡಬಾರದು.

ವರ್ಡ್ಸ್‌ವರ್ತ್ 7 ವಿಕೆಟ್ ಪಡೆದರು. ಆ ಕಾಲದ ಸ್ಕೋರ್‌ಕಾರ್ಡ್‌ನಲ್ಲಿ ಬೌಲ್ಡ್ ಆದದ್ದು ಮಾತ್ರ ಬೌಲರ್ ಲೆಕ್ಕಕ್ಕೆ. ಕ್ಯಾಚ್ ಆದರೆ ಹಿಡಿದವರ ಹೆಸರಷ್ಟೇ ಇರುತ್ತಿತ್ತು. ಓವರಿಗೆ 4 ಎಸೆತ. ಹಾಗಾಗಿ ಈಗಿನ ಬೌಲರ್‌ಗಳ ಅಂಕಿ ಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹೆಚ್ಚು ಎಡವುವುದು ಹೆಸರಿನಲ್ಲಿ. ‘ಸಿ. ವರ್ಡ್ಸ್‌ವರ್ತ್’ ಎಂದು ಕಂಡರೆ ಅದು ಇವರ ತಮ್ಮ ಕ್ರಿಸ್ಟೋಫರ್ ಕೂಡ ಆಗಿರಬಹುದು. ಅವರೂ ಬಿಷಪ್ (ಲಿಂಕನ್), ತಂದೆಯ ಹೆಸರೂ ಕ್ರಿಸ್ಟೋಫರ್! ತಂದೆ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರು. ಮಗ ಚಾರ್ಲ್ಸ್ ಆಡಿದ್ದು ಎದುರು ಪಾಳಯಕ್ಕೆ. ಕವಿ ವಿಲಿಯಂ ಇವರಿಗೆ ಚಿಕ್ಕಪ್ಪ ಅಲ್ಲ, ದೊಡ್ಡಪ್ಪ.

1829ರಲ್ಲಿ ಹೆನ್ಲಿಯಲ್ಲಿ ನಡೆದ ಮೊದಲ ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ದೋಣಿ ಸ್ಪರ್ಧೆಯಲ್ಲೂ ಇವರು ಆಕ್ಸ್‌ಫರ್ಡ್ ಪರ ದೋಣಿ ನಡೆಸಿ ಗೆದ್ದರು. ಎರಡೂ ಸ್ಪರ್ಧೆಗಳ ಆರಂಭದಲ್ಲಿ ಒಬ್ಬರೇ ಇದ್ದದ್ದು ನಿಜಕ್ಕೂ ದೊಡ್ಡ ಮಾತು, ಇದಕ್ಕೆ ಜಾಗ ಕೊಡಿ.

ಆಡುವಾಗ ಇವರಿನ್ನೂ ಪಾದ್ರಿಯಲ್ಲ. ದೀಕ್ಷೆ ಆಮೇಲಿನದು. ವಿಂಚೆಸ್ಟರ್ ಶಾಲೆಯಲ್ಲಿ ಶಿಕ್ಷಕ, ಗ್ಲೆನಾಲ್ಮಂಡ್ ಶಾಲೆಯಲ್ಲಿ ವಾರ್ಡನ್ (ಮುಖ್ಯಸ್ಥ), 1853ರಿಂದ 1892ರಲ್ಲಿ ತೀರಿಕೊಳ್ಳುವವರೆಗೆ ಸೇಂಟ್ ಆಂಡ್ರೂಸ್ ಬಿಷಪ್. ಅದು ಸ್ಕಾಟ್ಲೆಂಡಿನ ಎಪಿಸ್ಕೋಪಲ್ ಚರ್ಚ್. ‘ಚರ್ಚ್ ಆಫ್ ಸ್ಕಾಟ್ಲೆಂಡ್’ ಎಂದು ಹಾಕಿದ್ದರೆ ಈಗಲೇ ತಿದ್ದಿ. ಅದು ಬೇರೆಯೇ ಚರ್ಚ್, ಅದರಲ್ಲಿ ಬಿಷಪ್‌ಗಳೇ ಇಲ್ಲ.