ಮಗಳಿಗೊಂದು ಪತ್ರ: ಖರ್ಜೂರದ ಮರ ಬಗ್ಗಿಸಿದ ದೇವದೂತರು

ಪ್ರೀತಿಯ ಪುಟ್ಟಿ,

ತಾಮ್ರದ ತಗಡಿನ ಮೇಲೆ ಕೊರೆಯುವುದನ್ನು ಕಲಿಸುತ್ತಿದ್ದಾರೆ ಅಂದೆಯಲ್ಲ, ಆಗಿನಿಂದ ನಿನಗೆ ಒಂದು ಚಿತ್ರದ ಬಗ್ಗೆ ಬರೆಯಬೇಕು ಅನಿಸುತ್ತಿದೆ. ಮಾರ್ಟಿನ್ ಶೋನ್‌ಗಾವರ್ ಅನ್ನುವ ಕಲಾವಿದ ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ 'ಐಗುಪ್ತಕ್ಕೆ (ಈಜಿಪ್ಟಿಗೆ) ಪಲಾಯನ'. 1470ರ ದಶಕದ್ದು. ಅವನ ಊರು ಕೋಲ್ಮಾರ್ ಈಗ ಫ್ರಾನ್ಸಿನಲ್ಲಿದೆ, ಆಗ ಜರ್ಮನ್ ಸೀಮೆ. ಅವನಪ್ಪ ಅಕ್ಕಸಾಲಿಗ. ಲೋಹ ಕೊರೆಯುವುದು ಮನೆಯ ಕಸುಬೇ ಆಗಿತ್ತು.

ರಾಜ ಹೆರೋದನು ಮಗು ಯೇಸುವನ್ನು ಕೊಲ್ಲಿಸುತ್ತಾನೆ ಅಂತ ಕನಸಿನಲ್ಲಿ ತಿಳಿದು, ಯೋಸೇಫ ರಾತ್ರೋರಾತ್ರಿ ಹೆಂಡತಿ ಮರಿಯಳನ್ನೂ ಕೂಸನ್ನೂ ಕರೆದುಕೊಂಡು ಐಗುಪ್ತಕ್ಕೆ ಹೊರಟ. ಬೈಬಲಿನ ಮತ್ತಾಯನ ಸುವಾರ್ತೆ ಹೇಳುವುದು ಇಷ್ಟೇ. ದಾರಿಯಲ್ಲಿ ಹಸಿದವರಿಗೆ ಖರ್ಜೂರದ ಮರ ಬಾಗಿ ಹಣ್ಣು ಕೊಟ್ಟಿತು ಅನ್ನುವುದು ಬೈಬಲಿನ ಹೊರಗೆ ಬೆಳೆದ ಕಥೆ. ಶೋನ್‌ಗಾವರ್ ಕೊರೆದದ್ದು ಅದನ್ನೇ. ಪುಟ್ಟ ದೇವದೂತರು ಮರದ ತಲೆ ಹಿಡಿದು ಜಗ್ಗುತ್ತಿದ್ದಾರೆ. ಮರಿಯ ಮಗುವಿನೊಂದಿಗೆ ಕತ್ತೆಯ ಮೇಲೆ ಕೂತಿದ್ದಾಳೆ. ಯೋಸೇಫ ಕೈ ಚಾಚಿ ಹಣ್ಣು ಕೀಳುತ್ತಿದ್ದಾನೆ.

ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟ ಈ ಯೋಸೇಫ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಅವನು ಮೂಲೆಯಲ್ಲಿ ತೂಕಡಿಸುವ ಮುದುಕ. ಇಲ್ಲಿ ಮನೆಯವರ ಹೊಟ್ಟೆ ನೋಡುವವನು. ಪವಾಡವೇ ನಡೆದರೂ ಹಣ್ಣನ್ನು ಯಾರಾದರೂ ಕಿತ್ತು ಕೊಡಬೇಕು, ಅಲ್ವಾ?

ಪಕ್ಕದಲ್ಲಿ ಕತ್ತಿಯಂಥ ಎಲೆಗಳ ಇನ್ನೊಂದು ಮರ ಇದೆ. ಅದು ಡ್ರಾಗನ್ ಮರ, ಕ್ಯಾನರಿ ದ್ವೀಪಗಳ ಕಡೆಯದು. ಗಾಯ ಮಾಡಿದರೆ ಕೆಂಪು ಅಂಟು ಸುರಿಸುತ್ತದೆ. ಅದರ ಕಾಂಡದ ಮೇಲೆ ಹಲ್ಲಿಗಳು ಹರಿದಾಡುತ್ತಿವೆ. ನೋಡಿದ ಕೂಡಲೇ ಇದು ಪರದೇಶ ಅಂತ ಗೊತ್ತಾಗುತ್ತದೆ. ಮುಂದೆ ಜರ್ಮನ್ ಕಲಾವಿದ ಡ್ಯೂರರ್ ಇದೇ ಕಥೆಯನ್ನು ಮರದ ಅಚ್ಚಿನಲ್ಲಿ ಮಾಡಿದಾಗ ಈ ಮರವನ್ನೂ ತಂದ. ಶೋನ್‌ಗಾವರನನ್ನು ಕಾಣಬೇಕೆಂದು ಅವನು 1492ರಲ್ಲಿ ಕೋಲ್ಮಾರ್‌ಗೆ ಹೋಗಿದ್ದ. ಅಷ್ಟರಲ್ಲಿ ಆ ಹಿರಿಯ ಕಲಾವಿದ ತೀರಿಕೊಂಡು ವರ್ಷವಾಗಿತ್ತು.

ಇನ್ನು ನಿನ್ನ ಕೆಲಸಕ್ಕೆ ಬೇಕಾದ ಮಾತು. ಶೋನ್‌ಗಾವರನ ಈ ಚಿತ್ರದಲ್ಲಿ ಬೂದು ಬಣ್ಣ ಅನ್ನುವುದೇ ಇಲ್ಲ. ಇರುವುದು ಶಾಯಿಯ ಗೆರೆ, ಬಿಳಿ ಕಾಗದ, ಅಷ್ಟೇ. ನೆರಳು ಬೇಕಾದ ಕಡೆ ಗೆರೆಗಳನ್ನು ಒತ್ತೊತ್ತಾಗಿ ಎಳೆದು, ಮೇಲೆ ಅಡ್ಡ ಗೆರೆ ಹಾಕಿದ್ದಾನೆ. ಬಟ್ಟೆಯ ಮಡಿಕೆ ತಿರುಗಿದ ಕಡೆ ಗೆರೆಯೂ ತಿರುಗುತ್ತದೆ. ಕೆಳಗೆ ಅವನ ಗುರುತಿದೆ: ಎಂ, ಎಸ್, ನಡುವೆ ಶಿಲುಬೆ. ಅಚ್ಚಿನಲ್ಲಿ ಸರಿಯಾಗಿ ಬರಬೇಕಾದರೆ ಅದನ್ನೂ ತಗಡಿನ ಮೇಲೆ ತಿರುವುಮುರುವಾಗಿಯೇ ಕೊರೆಯಬೇಕು.

ಚಿತ್ರದ ಎತ್ತರ ಸುಮಾರು 25 ಸೆಂಟಿಮೀಟರ್. ಎ4 ಹಾಳೆಯಲ್ಲಿ ನಿಜ ಅಳತೆಗೇ ಮುದ್ರಿಸಿಕೊಂಡು, ಭೂತಗನ್ನಡಿ ಹಿಡಿದು ನೋಡು. ಆಮೇಲೆ ಯಾವ ಗೆರೆಯನ್ನು ಮೊದಲು ಕೊರೆದಿರಬಹುದು ಅಂತ ನನಗೆ ಬರೆ.

ನಿನ್ನ ಅಪ್ಪ